ಬೀದರ ಸೀಮೆಯಿಂದ ಪರದೇಶಕ್ಕೆ ಟಪಾಲು: ಕಳಿಸುವವರ ಹಕ್ಕು ಮತ್ತು ಕ್ರಮ

ಬೀದರ, ಭಾಲ್ಕಿ, ಔರಾದ, ಕೊಳಾರ ಕೈಗಾರಿಕಾ ಪ್ರದೇಶ, ಎಲ್ಲಿಂದ ಪರದೇಶಕ್ಕೆ ಪತ್ರ ಹಾಕಿದರೂ ಕೌಂಟರಿನಲ್ಲಿ ಯಾವ ಸೇವೆ ಕೇಳಿದೆವು ಎಂಬುದರ ಮೇಲೆ ಮುಂದಿನ ಹಕ್ಕು ನಿಲ್ಲುತ್ತದೆ. ಅಂಚೆಚೀಟಿ ಹಚ್ಚಿ ಡಬ್ಬಿಗೆ ಹಾಕಿದ ಸಾದಾ ಪತ್ರ ಸಾಮಾನ್ಯವಾಗಿ ಮುಟ್ಟುತ್ತದೆ. ಮುಟ್ಟದಿದ್ದರೆ, ಹಾಕಿದ್ದಕ್ಕೇ ಕೈಯಲ್ಲಿ ಪುರಾವೆ ಇರುವುದಿಲ್ಲ. ನೋಂದಾಯಿತ ಟಪಾಲು ಅಥವಾ ವಿದೇಶಿ ಸ್ಪೀಡ್ ಪೋಸ್ಟ್ ಮಾಡಿಸಿದರೆ ರಸೀದಿಯ ಮೇಲೆ ಒಂದು ಸಂಖ್ಯೆ ಬೀಳುತ್ತದೆ: ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಭಾರತದ ಗುರುತಾದ ‘ಐಎನ್’. ಪತ್ತೆ ಹಚ್ಚುವುದು, ದೂರು ಕೊಡುವುದು, ಪರಿಹಾರ ಕೇಳುವುದು ಎಲ್ಲಕ್ಕೂ ಈ ಸಂಖ್ಯೆಯೇ ಆಧಾರ. ಹೋಗುವ ದೇಶಕ್ಕೆ ಯಾವ ಸೇವೆ ಇದೆ, ದರ ಎಷ್ಟು ಎಂಬುದನ್ನು ತೂಕ ಮಾಡಿಸುವಾಗಲೇ ಕೇಳಿ ತಿಳಿಯಬೇಕು. ಚೀಟಿ ಕಡಿಮೆ ಬಿದ್ದ ಪತ್ರ ವಾಪಸು ಬರಬಹುದು, ಇಲ್ಲವೇ ಬಾಕಿ ಹಣ ಪಡೆಯುವವರ ತಲೆಗೆ ಬೀಳುತ್ತದೆ.

ನಿಜಾಮರ ಕಾಲದಲ್ಲಿ ಬೀದರಿನವರಿಗೆ ಈ ವ್ಯವಹಾರ ಇಷ್ಟು ಸರಳವಾಗಿರಲಿಲ್ಲ. ಹೈದರಾಬಾದ್ ಸಂಸ್ಥಾನದ ಅಂಚೆಚೀಟಿ ಸಂಸ್ಥಾನದ ಗಡಿಯೊಳಗೆ ಮಾತ್ರ ನಡೆಯುತ್ತಿತ್ತು. ಹೊರಗಿನ ಪತ್ರಕ್ಕೆ ಬ್ರಿಟಿಷ್ ಭಾರತದ ಚೀಟಿ ಬೇಕಾಗುತ್ತಿತ್ತು. ಸಂಸ್ಥಾನದ ಅಂಚೆ 1950ರಲ್ಲಿ ಭಾರತೀಯ ಅಂಚೆಯೊಳಗೆ ಸೇರಿತು. ಭಾರತವಂತೂ 1876ರಿಂದಲೇ ವಿಶ್ವ ಅಂಚೆ ಒಕ್ಕೂಟದ ಸದಸ್ಯ ದೇಶ. ಔರಾದದಲ್ಲಿ ಹಚ್ಚಿದ ಚೀಟಿಯನ್ನು ಟೊರೊಂಟೊದ ಅಂಚೆಯವನು ಒಪ್ಪುವುದು ಈ ಒಕ್ಕೂಟದ ಒಪ್ಪಂದದಿಂದ.

ಅದೇ ಒಪ್ಪಂದದಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಹಕ್ಕು ಅಡಗಿದೆ. ಕಾನೂನಿನ ಪ್ರಕಾರ ಜಪ್ತಿಯಾದ ಸಂದರ್ಭ ಬಿಟ್ಟರೆ, ಪಡೆಯುವವರ ಕೈ ಸೇರುವ ತನಕ ಟಪಾಲು ಕಳಿಸಿದವರ ಸ್ವತ್ತೇ. ಆದ್ದರಿಂದ ದಾರಿಯಲ್ಲಿರುವ ಪತ್ರವನ್ನು ಹಿಂದಕ್ಕೆ ಪಡೆಯಲು, ವಿಳಾಸ ತಿದ್ದಿಸಲು ಅರ್ಜಿ ಕೊಡಬಹುದು. ಇದಕ್ಕೆ ಶುಲ್ಕವಿದೆ, ಪತ್ರ ಹೋಗುವ ದೇಶದ ಕಾನೂನೂ ಒಪ್ಪಬೇಕು.

ವಿಳಾಸದ ಕಡೆ ಸ್ವಲ್ಪ ಹೆಚ್ಚು ಲಕ್ಷ್ಯ ಕೊಡಬೇಕು. ಲಕೋಟೆಯ ಮೇಲೆ ವಿಳಾಸವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು, ಕೊನೆಯ ಸಾಲಿನಲ್ಲಿ ದೇಶದ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಹಾಕಬೇಕು. ದುಬೈ, ಅಬುಧಾಬಿಯಲ್ಲಿ ಮನೆಬಾಗಿಲಿಗೆ ಟಪಾಲು ಬರುವ ರೂಢಿ ಇಲ್ಲ. ಅಲ್ಲಿ ನಡೆಯುವುದು ಪಿ.ಒ. ಬಾಕ್ಸ್ ಸಂಖ್ಯೆ. ದುಡಿಯಲು ಹೋದವರ ಪತ್ರ ಅವರ ಹೆಸರು, ಕಂಪನಿಯ ಹೆಸರು, ಕಂಪನಿಯ ಬಾಕ್ಸ್ ಸಂಖ್ಯೆ, ಊರು ಎಂಬ ಕ್ರಮದಲ್ಲಿ ಹೋಗಬೇಕು. ರೂಮಿನ ನಂಬರು ಬರೆದರೆ ಉಪಯೋಗವಿಲ್ಲ. ಫೋನ್ ನಂಬರೂ ಇದ್ದರೆ ಒಳ್ಳೆಯದು. ಕಳಿಸುವವರ ವಿಳಾಸದಲ್ಲಿ ಪಿನ್ ಬಿಡಬಾರದು: ಬೀದರಕ್ಕೆ 585401, ಕೊಳಾರ ಕೈಗಾರಿಕಾ ಪ್ರದೇಶಕ್ಕೆ 585403, ಭಾಲ್ಕಿಗೆ 585328, ಔರಾದಕ್ಕೆ 585326. ಮುಟ್ಟದ ಪತ್ರ ಮರಳಿ ಬರುವುದು ಈ ವಿಳಾಸಕ್ಕೇ.

ಪತ್ರದ ಲಕೋಟೆಯಲ್ಲಿ ಕಾಗದ ಮಾತ್ರ ಇರಬೇಕು. ಮಗನಿಗೆಂದು ಒಂದು ಪೊಟ್ಟಣ ವಿಭೂತಿ ಸೇರಿಸಿದರೂ ಅಲ್ಲಿಗೆ ಅದು ‘ವಸ್ತು’ ಆಯಿತು. ಅದಕ್ಕೆ ಬೇರೆ ಸೇವೆ, ಒಳಗೇನಿದೆ, ಬೆಲೆಯೆಷ್ಟು ಎಂದು ಸಿಎನ್ 22 ಅಥವಾ ಸಿಎನ್ 23 ನಮೂನೆಯಲ್ಲಿ ಕಸ್ಟಮ್ಸ್ ಘೋಷಣೆ, ಎರಡೂ ಬೇಕು. ಬಿದರಿ ಹೂದಾನಿ ಕಳಿಸುವ ಕುಶಲಕರ್ಮಿಗೂ ಇದೇ ನಿಯಮ. ಆಯೇರಿ ಎಂದು ಲಕೋಟೆಯೊಳಗೆ ನೋಟು ಇಡುವಂತಿಲ್ಲ. ಪರದೇಶಕ್ಕೆ ಹಣ ಹೋಗಬೇಕಾದದ್ದು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ ಹೇಳುವ ದಾರಿಯಿಂದ, ಎಂದರೆ ಬ್ಯಾಂಕಿನ ಮೂಲಕ.

ಇನ್ನೊಬ್ಬರ ಪತ್ರ ಒಡೆಯುವ ಹಕ್ಕು ಅಂಚೆ ನೌಕರನಿಗೆ ಇಲ್ಲ. 1898ರ ಹಳೆಯ ಕಾಯ್ದೆಯ ಜಾಗಕ್ಕೆ 2024ರ ಜೂನ್ 18ರಿಂದ 2023ರ ಅಂಚೆ ಕಚೇರಿ ಕಾಯ್ದೆ ಬಂದಿದೆ. ಅದರ 9ನೇ ಕಲಮಿನ ಪ್ರಕಾರ ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಅಧಿಕಾರ ಕೊಟ್ಟ ಅಧಿಕಾರಿ, ದೇಶದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ತುರ್ತು ಸ್ಥಿತಿ, ಸಾರ್ವಜನಿಕ ಸುರಕ್ಷತೆ, ಕಾನೂನು ಉಲ್ಲಂಘನೆ ಎಂಬ ಕಾರಣಗಳಿಗೆ ಟಪಾಲು ತಡೆಯಬಹುದು, ತೆರೆಸಬಹುದು. ಕಾರಣಗಳ ಪಟ್ಟಿ ವಿಶಾಲವಾಯಿತು, ರಕ್ಷಣಾ ಕ್ರಮ ಸಾಲದು ಎಂಬ ಟೀಕೆ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಕೊಟ್ಟ ತೀರ್ಪಿನ ಹಿನ್ನೆಲೆಯಲ್ಲಿ ಅದು ತೂಕದ ಟೀಕೆಯೇ.

ಅದೇ ಕಾಯ್ದೆಯ 10ನೇ ಕಲಮು ನಾಗರಿಕನಿಗೆ ಅಷ್ಟು ಅನುಕೂಲಕರವಲ್ಲ. ಟಪಾಲು ಕಳೆದರೆ, ತಡವಾದರೆ, ಕೆಟ್ಟರೆ, ನಿಯಮದಲ್ಲಿ ಒಪ್ಪಿಕೊಂಡಷ್ಟಕ್ಕೆ ಮಾತ್ರ ಅಂಚೆ ಕಚೇರಿ ಹೊಣೆ. ನೌಕರ ಮೋಸದಿಂದ ಅಥವಾ ಬೇಕೆಂದೇ ಹಾಳು ಮಾಡಿದ್ದರೆ ಅವನು ಹೊಣೆಯಾಗುತ್ತಾನೆ, ಆದರೆ ಅದನ್ನು ಸಾಬೀತು ಮಾಡಬೇಕು. ನೋಂದಾಯಿತ ಪತ್ರ ಕಳೆದರೆ ಸಿಗುವುದು ನಿಗದಿಯಾದ ಮಿತಿಯ ಮೊತ್ತ, ಒಳಗಿದ್ದ ಅಂಕಪಟ್ಟಿಯ ಬೆಲೆಯಲ್ಲ. ಹಾಗಾಗಿ ಮೂಲ ಪ್ರಮಾಣಪತ್ರ ಕೇಳದ ಹೊರತು ಕಳಿಸಬಾರದು. ವಿದೇಶದಲ್ಲಿ ತೋರಿಸುವ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಎಂಬ ದೃಢೀಕರಣ ಮುದ್ರೆ ಬೇಕೇ ಎಂಬುದನ್ನೂ ಮೊದಲೇ ವಿಚಾರಿಸಬೇಕು. ಸೌದಿ ಅರೇಬಿಯಾ 2022ರ ಡಿಸೆಂಬರಿನಿಂದ ಅದನ್ನು ಒಪ್ಪುತ್ತದೆ.

ವಕೀಲರ ನೋಟಿಸು ಕಳಿಸುವವರಿಗೆ ರಸೀದಿಯ ಬೆಲೆ ಇನ್ನೂ ಹೆಚ್ಚು. 1897ರ ಸಾಮಾನ್ಯ ಖಂಡಗಳ ಕಾಯ್ದೆಯ 27ನೇ ಕಲಮಿನಂತೆ, ಸರಿಯಾದ ವಿಳಾಸ ಬರೆದು ಪೂರ್ತಿ ಶುಲ್ಕ ಕಟ್ಟಿ ನೋಂದಾಯಿತ ಅಂಚೆಯಲ್ಲಿ ಕಳಿಸಿದ್ದು, ವಿರುದ್ಧ ಸಾಬೀತಾಗುವ ತನಕ, ಮುಟ್ಟಿತೆಂದೇ ಭಾವಿಸಲಾಗುತ್ತದೆ. ಕೋರ್ಟಿನ ಸಮನ್ಸು ಮಾತ್ರ ಬೇರೆ. ಅದು ಕೋರ್ಟಿನ ಮೂಲಕವೇ ಹೋಗಬೇಕು. ಇದಕ್ಕೆ ತಿರುಗಾಗಿ, ಪರದೇಶದಲ್ಲಿ ಸಹಿಯಾದ ಮುಖ್ತ್ಯಾರನಾಮೆ ಟಪಾಲಿನಲ್ಲಿ ಬಂದರೆ ಲಕೋಟೆ ಎಸೆಯಬಾರದು. ಅದು ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಬೇಕು. ಬಂದ ದಿನಕ್ಕೆ ಲಕೋಟೆಯ ಮೇಲಿನ ಅಂಚೆ ಮೊಹರೇ ಸಾಕ್ಷಿ.

ಸೇವೆಯೇ ನಿಂತುಹೋಗುವ ಸಂದರ್ಭವೂ ಉಂಟು. ಅಮೆರಿಕದ ಸುಂಕ ನಿಯಮ ಬದಲಾದಾಗ 2025ರ ಆಗಸ್ಟ್ 25ರಿಂದ ಅಲ್ಲಿಗೆ ಹೋಗುವ ಬಹುತೇಕ ಟಪಾಲು ನಿಂತಿತು, ತಿಂಗಳ ಕೊನೆಗೆ ಕಾಗದಪತ್ರಗಳೂ ನಿಂತವು. ಸೇವೆ ಮತ್ತೆ ಆರಂಭವಾದದ್ದು ಅಕ್ಟೋಬರ್ 15ಕ್ಕೆ. ಕಳಿಸಲಾಗದೆ ಉಳಿದ ಟಪಾಲಿನ ಶುಲ್ಕ ವಾಪಸು ಕೇಳಬಹುದೆಂದು ಇಲಾಖೆಯೇ ಆಗ ಪ್ರಕಟಿಸಿತ್ತು.

ಮುಟ್ಟದ ನೋಂದಾಯಿತ ಪತ್ರದ ವಿಚಾರಣೆ ಅರ್ಜಿಯನ್ನು ಕಳಿಸಿದ ಮರುದಿನದಿಂದ 6 ತಿಂಗಳೊಳಗೆ ಕೊಡಬೇಕು. ಸ್ಪೀಡ್ ಪೋಸ್ಟ್‌ಗೆ ಕಾಯಲೇಬಾರದು, ಅಲ್ಲಿ ಅವಧಿ ಇನ್ನೂ ಕಡಿಮೆ. ಕಳಿಸಿದ ಅಂಚೆ ಕಚೇರಿಯಲ್ಲಿ ಲಿಖಿತ ದೂರು ಕೊಟ್ಟು ಅದರ ಸಂಖ್ಯೆ ಪಡೆಯಬೇಕು, ಅಥವಾ 1800 266 6868ಕ್ಕೆ ಕರೆ ಮಾಡಬೇಕು. ಅಲ್ಲಿ ಕೆಲಸವಾಗದಿದ್ದರೆ ಬೀದರ ವಿಭಾಗದ ಅಂಚೆ ಅಧೀಕ್ಷಕರು, ಅವರ ಮೇಲೆ ಧಾರವಾಡದಲ್ಲಿ ಉತ್ತರ ಕರ್ನಾಟಕ ವಲಯದ ಪೋಸ್ಟ್‌ಮಾಸ್ಟರ್ ಜನರಲ್, ಕೊನೆಗೆ ಬೆಂಗಳೂರಿನ ರಾಜ್ಯಮಟ್ಟದ ಅಂಚೆ ಕಚೇರಿ. ದೂರು ಎಲ್ಲಿ ಕೂತಿದೆ ಎಂದು ತಿಳಿಯಲು 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಹಾಕಬಹುದು. ಉತ್ತರಕ್ಕೆ 30 ದಿನ. ಪೋಸ್ಟಲ್ ಆರ್ಡರ್ ಸಿಗುವುದೂ ಅದೇ ಕೌಂಟರಿನಲ್ಲಿ.

ಕಡೆಯ ಬಾಗಿಲು ಬೀದರಿನ ಜಿಲ್ಲಾ ಗ್ರಾಹಕರ ಆಯೋಗ. ದೂರಿಗೆ ಎರಡು ವರ್ಷದ ಅವಧಿ ಇದೆ, 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಅಂಚೆ ಇಲಾಖೆಯ ಎದುರು ಅಂಚೆ ಕಚೇರಿ ಕಾಯ್ದೆಯ 10ನೇ ಕಲಮು ಅಡ್ಡ ಬರುತ್ತದೆ. ಖಾಸಗಿ ಕೊರಿಯರ್ ಕಂಪನಿಗೆ ಆ ಕಲಮಿನ ರಕ್ಷಣೆ ಇಲ್ಲ. ಅದು ನೆಚ್ಚಿಕೊಳ್ಳುವುದು ರಸೀದಿಯ ಹಿಂಭಾಗದ ಸಣ್ಣಕ್ಷರದ ಷರತ್ತುಗಳನ್ನು. ಗ್ರಾಹಕ ಸಹಿ ಮಾಡಿ ಒಪ್ಪಿದ್ದನೇ ಎಂಬ ಪ್ರಶ್ನೆ ಆಯೋಗದ ಮುಂದೆ ಏಳುವುದರಿಂದ, ಸಹಿ ಹಾಕುವ ಮೊದಲೇ ಅವನ್ನು ಓದಬೇಕು.