ಕಾಫಿ ಫಿಲ್ಟರೂ ನಮ್ಮೂರ ನೀರೂ

ಸೇಡಂ ತಾಲೂಕಿನ ನಮ್ಮ ಕೋಡ್ಲಾ ಚಹಾ ಕುಡಿಯುವ ಊರು. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಕರ್ನಾಟಕದಲ್ಲೇ ಬೆಳೆದರೂ ನಮ್ಮ ಮನೆಯ ಒಲೆಯ ಮೇಲೆ ಕುದಿಯುತ್ತಿದ್ದುದು ಚಹಾ ಮಾತ್ರ. ಹಾಸನಕ್ಕೆ ಮದುವೆಯಾಗಿ ಹೋದ ಅಕ್ಕ ಒಮ್ಮೆ ತವರಿಗೆ ಬರುವಾಗ ಒಳ್ಳೆಯ ಸ್ಟೀಲಿನ ಫಿಲ್ಟರನ್ನೂ ಕಾಫಿಪುಡಿಯನ್ನೂ ತಂದುಕೊಟ್ಟಳು. ಆ ಪಾತ್ರೆಯಿಂದ ನಾನು ಕಲಿತ ಪಾಠವನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಫಿಲ್ಟರಿನ ರಚನೆ ಸರಳವಾದುದು. ಒಂದರ ಮೇಲೊಂದು ಕೂಡುವ ಎರಡು ಪಾತ್ರೆಗಳು. ಮೇಲಿನದರ ತಳದಲ್ಲಿ ಸಣ್ಣ ರಂಧ್ರಗಳು. ಪುಡಿಯನ್ನು ಹಾಕಿ, ಹಿಡಿಯಿರುವ ಬಿಲ್ಲೆಯಿಂದ ಹಗುರವಾಗಿ ಅದುಮಿ, ಕುದಿದಿಳಿದ ನೀರನ್ನು ಸುರಿದು ಮುಚ್ಚಿದರೆ ಡಿಕಾಕ್ಷನ್ ಹನಿಹನಿಯಾಗಿ ಕೆಳಗಿಳಿಯುತ್ತದೆ. 1908ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಗೃಹಿಣಿ ಮೆಲಿಟಾ ಬೆಂಟ್ಸ್ ಕಾಗದದ ಸೋಸುಕವನ್ನು ಕಂಡುಹಿಡಿದುದೂ, ಇಂದಿನ ವಿದ್ಯುತ್ ಡ್ರಿಪ್ ಯಂತ್ರಗಳು ಕಾಫಿ ಇಳಿಸುವುದೂ ಇದೇ ತತ್ತ್ವದಿಂದ: ಬಿಸಿನೀರು ತನ್ನ ಭಾರದಿಂದಲೇ ಪುಡಿಯ ಮೂಲಕ ಇಳಿಯಬೇಕು.

ಇಳಿಯಲು ಕಾಲಾವಕಾಶವೇಕೆ? ಹುರಿದ ಕಾಫಿಬೀಜದಲ್ಲಿ ನೀರಿಗೆ ಕರಗಬಲ್ಲ ಅಂಶ ನೂರಕ್ಕೆ ಸುಮಾರು 30 ಮಾತ್ರ. ಅದರಲ್ಲಿ ಮೊದಲು ಕರಗುವ 20ರಷ್ಟು ಭಾಗ ರುಚಿಕರ. ಅದಕ್ಕಿಂತ ಹೆಚ್ಚು ಹಿಂಡಿದರೆ ಕಹಿ. ನೀರು ಬೇಗ ಹರಿದರೆ ಡಿಕಾಕ್ಷನ್ ಸಪ್ಪೆ. ಪುಡಿ ತೀರ ನುಣುಪಾದರೆ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಪುಡಿಗೆ ಚಿಕೋರಿ ಬೆರೆಸಿದ್ದರೆ ಬಣ್ಣವೂ ಮಂದತ್ವವೂ ಹೆಚ್ಚು. ಆದರೆ ಅದು ಬೇರೊಂದು ಗಿಡದ ಹುರಿದ ಬೇರು. ಅದರಲ್ಲಿ ಕೆಫೀನ್ ಇಲ್ಲ. ನಮ್ಮ ಕಾನೂನಿನಂತೆ ಇಂಥ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಕೂಡದು.

ಅಕ್ಕ ಹೇಳಿದಂತೆಯೇ ಎಲ್ಲವನ್ನೂ ಮಾಡಿದೆ. ಕಾಯುತ್ತ ಕುಳಿತ ಅವ್ವ, "ಇಷ್ಟೊತ್ತಿನ್ಯಾಗ ನಾಕ್ ಸಲ ಚಾ ಆಗ್ತಿತ್ತಲ್ಲೋ!" ಎಂದಳು. ಕೊನೆಗೆ ಇಳಿದ ಕಾಫಿಯಲ್ಲಿ ಹಾಸನದ ಪರಿಮಳವಿರಲಿಲ್ಲ. ಎರಡು ತಿಂಗಳಲ್ಲಿ ಹನಿ ಇಳಿಯುವುದೂ ನಿಧಾನವಾಯಿತು. ಪಾತ್ರೆಯೇ ಸರಿಯಿಲ್ಲವೆಂದು ಅದನ್ನು ಅಟ್ಟಕ್ಕೆ ಸೇರಿಸಲು ಹೊರಟವನು, ತೊಳೆಯುವಾಗ ರಂಧ್ರಗಳ ಸುತ್ತ ಕಟ್ಟಿದ್ದ ಬಿಳಿಯ ಪದರನ್ನು ಕಂಡು ನಿಂತೆ. ನೀರು ಕಾಯಿಸುವ ನಮ್ಮ ಪಾತ್ರೆಯ ಒಳಗೂ ಅದೇ ಬಿಳುಪು ಇತ್ತು!

ನಮ್ಮ ನೆಲ ಸುಣ್ಣಕಲ್ಲಿನದು. ಮನೆಗೆ ಹಾಸುವ ಶಹಾಬಾದ್ ಕಲ್ಲು ಅದೇ. ಸೇಡಂ, ವಾಡಿಗಳ ಸಿಮೆಂಟ್ ಕಾರ್ಖಾನೆಗಳಿಗೆ ಆಧಾರವೂ ಅದೇ. ಆ ಕಲ್ಲಿನ ನಡುವೆ ಹರಿದ ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ಕಾಯಿಸಿದಾಗ ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಪಾತ್ರೆಗೆ ಅಂಟುತ್ತದೆ. ನೀರಿನಲ್ಲುಳಿದ ಬೈಕಾರ್ಬೊನೇಟು ಕಾಫಿಯ ನವಿರಾದ ಆಮ್ಲಗಳನ್ನು ಶಮನಗೊಳಿಸಿ ರುಚಿಯನ್ನು ಮಂಕಾಗಿಸುತ್ತದೆ. ಹೀಗೆ ನೀರೊಂದೇ ಎರಡೂ ದೋಷಗಳಿಗೆ ಕಾರಣವಾಗಿತ್ತು.

ಫಿಲ್ಟರನ್ನು ನಿಂಬೆರಸ ಬೆರೆಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿದೆ, ಪದರು ಕರಗಿತು. ಹುಣಿಸೆಹುಳಿಯಿಂದ ಪಾತ್ರೆ ಬೆಳಗುತ್ತಿದ್ದ ನಮ್ಮ ಹಿರಿಯರಿಗೆ ಹುಳಿಯ ಈ ಗುಣ ತಿಳಿದೇ ಇತ್ತು. ಬಳಿಕ ನೀರನ್ನು ಹತ್ತು ನಿಮಿಷ ಕುದಿಸಿ, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿ ಮತ್ತೆ ಕಾಯಿಸಿದೆ. ಅದೇ ಪುಡಿಯಿಂದ ತಿಳಿನೀರಿನ ಒಂದು ಲೋಟ, ಸಾಮಾನ್ಯ ನೀರಿನ ಒಂದು ಲೋಟ ಕಾಫಿ ಮಾಡಿ, ಯಾವುದು ಯಾವುದೆಂದು ಹೇಳದೆ ಅವ್ವನಿಗೆ ಕೊಟ್ಟೆ. ತಿಳಿನೀರಿನ ಲೋಟವನ್ನೇ ಆಕೆ ಮುಂದಕ್ಕೆ ಸರಿಸಿ, "ಇದು ಛಲೋ ಅದ" ಎಂದಳು.

ಪುಸ್ತಕದಲ್ಲಿ ನೀರಿನ ತಾತ್ಕಾಲಿಕ ಗಡಸುತನವನ್ನು ಓದಿ ಪರೀಕ್ಷೆಯಲ್ಲಿ ಉತ್ತರ ಬರೆದಿದ್ದೆ. ಅದು ದಿನವೂ ನಮ್ಮ ಅಡುಗೆಮನೆಯಲ್ಲೇ ಕುದಿಯುತ್ತಿದೆಯೆಂದು ತಿಳಿದುದು ಆ ದಿನ. ಒಳ್ಳೆಯ ಸಾಧನವನ್ನು ಕೊಂಡರೆ ಸಾಲದು. ಅದನ್ನು ಬಳಸುವ ನೆಲದ ಗುಣವನ್ನೂ ಅರಿತಿರಬೇಕು. ಈಗ ಫಿಲ್ಟರು ಅಟ್ಟದ ಮೇಲಿಲ್ಲ, ಒಲೆಯ ಪಕ್ಕದಲ್ಲಿದೆ. ರಾತ್ರಿ ನೀರು ಕುದಿಸಿಡುವವಳು ಅವ್ವನೇ.