ಬೀದಿ ಯಾರಿಗೆ ಸೇರಿದ್ದು?

ನಗರಗಳಲ್ಲಿ ನೆಲವು ಚಿನ್ನಕ್ಕೆ ಸಮಾನವೆಂದು ಹೇಳುವುದುಂಟು. ಚಿನ್ನವನ್ನಾದರೂ ಗಣಿಯಿಂದ ಇನ್ನಷ್ಟು ತೆಗೆಯಬಹುದು. ನೆಲವನ್ನು ಹೆಚ್ಚಿಸಲು ಬಾರದು. ಇಂಥ ಅಮೂಲ್ಯವಾದ ನೆಲದ ದೊಡ್ಡದೊಂದು ಪಾಲನ್ನು ಇಂದು ಆಕ್ರಮಿಸಿರುವವು ಓಡದೆ ಸುಮ್ಮನೆ ನಿಂತಿರುವ ಕಾರುಗಳು. ಒಂದು ಕಾರನ್ನು ನಿಲ್ಲಿಸಲು ಎರಡೂವರೆ ಮೀಟರು ಅಗಲ, ಐದು ಮೀಟರು ಉದ್ದದ ಜಾಗ, ಅಂದರೆ 12.5 ಚದರ ಮೀಟರು ಬೇಕು. ಅದು ಒಳಬರಲು, ತಿರುಗಲು, ಹೊರಹೋಗಲು ಬೇಕಾದ ದಾರಿಯನ್ನೂ ಸೇರಿಸಿದರೆ ಈ ಅಳತೆ ಇಮ್ಮಡಿಯಾಗುತ್ತದೆ. ಬಡ ಕುಟುಂಬವೊಂದು ಬಾಳುವ ಮನೆಯೂ ಎಷ್ಟೋ ಕಡೆ ಇದಕ್ಕಿಂತ ದೊಡ್ಡದಾಗಿರುವುದಿಲ್ಲ!

ಕಟ್ಟಡಗಳನ್ನು ಪರಿಸರಕ್ಕೆ ಹಿತವಾಗುವಂತೆ ಕಟ್ಟಬೇಕೆಂಬ ಅರಿವು ಈಗ ಹಲವು ದೇಶಗಳಲ್ಲಿ ಮೂಡಿದೆ. ಅಂಥ ಕಟ್ಟಡಗಳನ್ನು ಪರೀಕ್ಷಿಸಿ, ಅಂಕಗಳನ್ನು ನೀಡಿ, ಪ್ರಮಾಣಪತ್ರವನ್ನು ಕೊಡುವ ಪದ್ಧತಿಗಳೂ ಬಳಕೆಗೆ ಬಂದಿವೆ. ಅಮೆರಿಕದ ಹಸಿರು ಕಟ್ಟಡ ಮಂಡಳಿಯು ರೂಪಿಸಿದ ‘ಲೀಡ್’ ಎಂಬುದು ಇವುಗಳಲ್ಲಿ ಪ್ರಸಿದ್ಧವಾದುದು. ಅದರ ಅತ್ಯುನ್ನತ ಶ್ರೇಣಿಯಾದ ‘ಪ್ಲಾಟಿನಂ’ ಮನ್ನಣೆಯನ್ನು ಅಮೆರಿಕದ ಹೊರಗೆ ಮೊಟ್ಟಮೊದಲು ಪಡೆದ ಕಟ್ಟಡವು ನಮ್ಮ ದೇಶದ್ದೇ ಎಂಬುದು ಹೆಮ್ಮೆಯ ಸಂಗತಿ. 2003ರಲ್ಲಿ ಹೈದರಾಬಾದಿನ ಸೊರಾಬ್ಜಿ ಗೋದ್ರೆಜ್ ಗ್ರೀನ್ ಬಿಸಿನೆಸ್ ಸೆಂಟರಿಗೆ ಅದು ದೊರೆಯಿತು. 2007ರಿಂದ ಭಾರತಕ್ಕೆ ‘ಗೃಹ’ ಎಂಬ ತನ್ನದೇ ಪದ್ಧತಿಯೂ ಇದೆ. ವಿದ್ಯುತ್ತಿನ ಉಳಿತಾಯ, ನೀರಿನ ಮಿತವಾದ ಬಳಕೆ, ಗಾಳಿ ಬೆಳಕುಗಳ ಸೌಕರ್ಯ ಮೊದಲಾದುವನ್ನು ಇವು ಪರಿಶೀಲಿಸುತ್ತವೆ.

ಆದರೆ ಕಟ್ಟಡದ ಗುಣವು ಅದರ ಗೋಡೆಗಳೊಳಗೇ ಮುಗಿಯುವುದೆ? ಸುತ್ತಲಿನ ಅಂಗಳಕ್ಕೆಲ್ಲ ಕಾಂಕ್ರೀಟು ಹಾಸಿ ಕಾರುಗಳನ್ನು ನಿಲ್ಲಿಸಿದರೆ ಮಳೆಯ ನೀರು ನೆಲಕ್ಕೆ ಇಂಗುವುದಿಲ್ಲ. ಹಗಲೆಲ್ಲ ಕಾದ ಹಾಸು ರಾತ್ರಿಯೂ ಬಿಸಿಯನ್ನು ಕಾರುತ್ತದೆ. ಆದುದರಿಂದಲೇ ಲೀಡ್ ಪದ್ಧತಿಯು ವಾಹನಗಳನ್ನು ನಿಲ್ಲಿಸುವ ಜಾಗವನ್ನು ಕಡಮೆ ಮಾಡಿದ ಕಟ್ಟಡಗಳಿಗೂ ಅಂಕ ನೀಡುತ್ತದೆ.

ಹೀಗೆ ಕಡಮೆ ಮಾಡಲು ಒಂದು ಸುಲಭೋಪಾಯವೆಂದರೆ ಹಂಚಿಕೊಳ್ಳುವುದು. ಒಂದು ಕಚೇರಿಗೆ ಹಗಲಿನಲ್ಲಿ ನೂರು ಕಾರುಗಳು ಬರುತ್ತವೆಂದೂ, ಪಕ್ಕದ ನಾಟಕಮಂದಿರಕ್ಕೆ ರಾತ್ರಿ ನೂರು ಕಾರುಗಳು ಬರುತ್ತವೆಂದೂ ಊಹಿಸಿರಿ. ಎರಡೂ ಬೇರೆ ಬೇರೆ ಗ್ಯಾರೇಜುಗಳನ್ನು ಕಟ್ಟಿದರೆ ಇನ್ನೂರು ಕಾರುಗಳ ಜಾಗ ಬೇಕಾಗುತ್ತದೆ. ಒಂದು ಸದಾ ಬರಿದಾಗಿರುತ್ತದೆ. ಎರಡಕ್ಕೂ ಸೇರಿ ಒಂದೇ ಗ್ಯಾರೇಜಿದ್ದರೆ ನೂರಕ್ಕಿಂತ ತುಸು ಹೆಚ್ಚು ಜಾಗವೇ ಸಾಕು. ಉಳಿದ ನೆಲದಲ್ಲಿ ಮರಗಳು ಬೆಳೆಯಬಹುದು.

ನೆರೆಹೊರೆಯವರು ಸೇರಿ ಗ್ಯಾರೇಜನ್ನು ಕಟ್ಟಿಕೊಂಡರೆ ಬಡಾವಣೆಯ ರೂಪವೇ ಹೇಗೆ ಬದಲಾಗುತ್ತದೆಂಬುದಕ್ಕೆ ಜರ್ಮನಿಯ ಫ್ರೈಬುರ್ಗ್ ನಗರದ ವೋಬಾನ್ ಬಡಾವಣೆಯು ಒಳ್ಳೆಯ ನಿದರ್ಶನ. ಅಲ್ಲಿ ಮೊದಲು ಫ್ರೆಂಚ್ ಸೈನ್ಯದ ಪಾಳೆಯವಿದ್ದಿತು. ಕೋಟೆಗಳ ನಿರ್ಮಾಣದಲ್ಲಿ ಹೆಸರಾಗಿದ್ದ ಹದಿನೇಳನೆಯ ಶತಮಾನದ ಎಂಜಿನಿಯರ್ ವೋಬಾನನ ಹೆಸರೇ ಪಾಳೆಯದ ಹೆಸರಾಗಿತ್ತು. 1992ರಲ್ಲಿ ಸೈನ್ಯವು ತೆರಳಿದ ಬಳಿಕ ನಗರಾಡಳಿತವು ಸುಮಾರು 38 ಹೆಕ್ಟೇರು ವಿಸ್ತಾರದ ಆ ನೆಲದಲ್ಲಿ ಹೊಸ ಬಡಾವಣೆಯನ್ನು ರೂಪಿಸಿತು. ಮನೆಗಳನ್ನು ಬೆಚ್ಚಗಿಡಲು ಚದರ ಮೀಟರಿಗೆ ವರ್ಷಕ್ಕೆ 65 ಯೂನಿಟ್‌ಗಳಿಗಿಂತ ಹೆಚ್ಚು ಶಕ್ತಿಯನ್ನು ಬಳಸಬಾರದೆಂದು ಕಟ್ಟಳೆ ಮಾಡಿತು. ಬಹುಪಾಲು ವಸತಿಬೀದಿಗಳಲ್ಲಿ ಮನೆಯ ಮುಂದೆ ಕಾರು ನಿಲ್ಲಿಸುವಂತಿಲ್ಲ. ಸಾಮಾನನ್ನು ಇಳಿಸಿ, ಕಾರನ್ನು ಬಡಾವಣೆಯ ಅಂಚಿನಲ್ಲಿರುವ ಸಾಮೂಹಿಕ ಗ್ಯಾರೇಜಿಗೆ ಒಯ್ಯಬೇಕು. ಅವುಗಳಲ್ಲೊಂದರ ಚಾವಣಿಯ ಮೇಲೆ ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನೂ ಉತ್ಪಾದಿಸುತ್ತಾರೆ.

ಆದರೆ ಅಲ್ಲಿನ ಕಾನೂನಿನ ಪ್ರಕಾರ ಪ್ರತಿಯೊಂದು ಮನೆಗೂ ಒಂದು ಕಾರಿನ ಜಾಗ ಇರಲೇಬೇಕಾಗಿತ್ತು. ಕಾರೇ ಇಲ್ಲದವನು ಅದಕ್ಕೇಕೆ ಹಣ ತೆರಬೇಕು? ನಿವಾಸಿಗಳು ಇದಕ್ಕೆ ಜಾಣತನದ ಪರಿಹಾರವೊಂದನ್ನು ಕಂಡುಕೊಂಡರು. ಕಾರಿಲ್ಲದವರು ಸಂಘವೊಂದನ್ನು ಸೇರಿ, ತಮಗೆ ಕಾರಿಲ್ಲವೆಂದು ಬರೆದುಕೊಡುತ್ತಾರೆ. ಮುಂದೆಂದಾದರೂ ಅಗತ್ಯವಾದರೆ ಗ್ಯಾರೇಜು ಕಟ್ಟಲೆಂದು ಸಂಘವು ನೆಲವನ್ನು ಮೀಸಲಿಟ್ಟಿದೆ. ಕಾರುಳ್ಳವರಾದರೋ ಗ್ಯಾರೇಜಿನಲ್ಲಿ ಒಂದು ಜಾಗಕ್ಕೆ 15,000 ಯೂರೋಗಳಿಗೂ ಮಿಗಿಲಾದ ಬೆಲೆಯನ್ನು ತೆರಬೇಕು. 2006ರಲ್ಲಿ ಟ್ರಾಮ್ ಬಂಡಿಯೂ ಬಡಾವಣೆಯ ನಡುವೆ ಸಂಚರಿಸತೊಡಗಿದುದರಿಂದ ಕಾರಿಲ್ಲದ ಬಾಳು ಮತ್ತಷ್ಟು ಸುಗಮವಾಯಿತು.

ಅಲ್ಲಿ ಎಲ್ಲವೂ ಸರಿಯಾಗಿದೆಯೆಂದು ಹೇಳಲಾಗದು. ಗ್ಯಾರೇಜಿನ ವೆಚ್ಚವನ್ನು ತಪ್ಪಿಸಿಕೊಳ್ಳಲು ನೆರೆಯ ಬೀದಿಗಳಲ್ಲಿ ಕಾರು ನಿಲ್ಲಿಸುವವರೂ ಉಂಟು. ಮನೆಯಿಂದ ಗ್ಯಾರೇಜಿಗೆ ನಡೆಯುವುದು ವೃದ್ಧರಿಗೆ, ಅಂಗವಿಕಲರಿಗೆ ಶ್ರಮವೆನಿಸಬಹುದು. ಅವರ ಅನುಕೂಲವನ್ನೂ ಯೋಚಿಸಬೇಕಾಗುತ್ತದೆ. ಹೀಗಿದ್ದರೂ ಆ ಬೀದಿಗಳಲ್ಲಿ ಮಕ್ಕಳು ನಿರ್ಭಯವಾಗಿ ಆಡುತ್ತಾರೆ. ವಾಹನ ಬಂದರೂ ಅದು ನಡಿಗೆಯ ವೇಗದಲ್ಲಿಯೇ ಸಾಗಬೇಕು.

ಪ್ರಮಾಣಪತ್ರವು ಒಂದು ಕಟ್ಟಡದ ಯೋಗ್ಯತೆಯನ್ನು ತಿಳಿಸಬಲ್ಲುದು. ಆದರೆ ಬೀದಿಯು ಯಾವ ಒಬ್ಬ ಮನೆಯೊಡೆಯನದೂ ಅಲ್ಲ. ಅದನ್ನು ಕಾರುಗಳಿಗೆ ಬಿಡಬೇಕೆ, ಮಕ್ಕಳಿಗೂ ಮರಗಳಿಗೂ ಉಳಿಸಬೇಕೆ ಎಂಬುದನ್ನು ನೆರೆಹೊರೆಯವರು ಕೂಡಿಯೇ ತೀರ್ಮಾನಿಸಬೇಕು. ನಮ್ಮ ಊರುಗಳೂ ವೇಗವಾಗಿ ಬೆಳೆಯುತ್ತಿವೆ. ನಾಳೆ ಅವುಗಳ ಬಡಾವಣೆಗಳನ್ನು ರೂಪಿಸುವ ಹೊಣೆಯು ಇಂದಿನ ವಿದ್ಯಾರ್ಥಿಗಳದೇ ಅಲ್ಲವೆ?