ವೈರಸ್ಸು ಒಂದು, ಹೆಸರು ಹಲವು

ಒಂದೆಲಗವೆಂದರೂ ತಿಮರೆಯೆಂದರೂ ಗಿಡ ಒಂದೇ. ಹೆಸರನ್ನೇ ನಂಬಿ ಕೋಶವನ್ನು ತೆರೆಯುವವನಿಗೆ ಇದೊಂದು ತೊಡಕು. ಗಣಕದ ವೈರಸ್ಸುಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. 2008ರಲ್ಲಿ ಕಾಣಿಸಿಕೊಂಡ ಕಾನ್ಫಿಕರನ್ನು (ಇದು ನಿಜಕ್ಕೂ ವರ್ಮ್ ಎಂಬ ಬಗೆಯದು) ಕೆಲವರು ಡೌನಡಪ್ ಎಂದರು, ಕೆಲವರು ಕಿಡೋ ಎಂದರು. ಸೋಂಕು ತಗುಲಿದ ಯಂತ್ರದ ಮುಂದೆ ಕುಳಿತು ಒಂದು ಹೆಸರಿನಿಂದ ಹುಡುಕಿದರೆ, ಮತ್ತೊಂದು ಹೆಸರಿನಡಿ ಬರೆದಿಟ್ಟ ಪರಿಹಾರವು ನಮ್ಮ ಕಣ್ಣಿಗೆ ಬೀಳದು. 1991ರಲ್ಲಿ ಕಾರೋ ಎಂಬ ತಜ್ಞರ ಕೂಟವು ನಾಮಕರಣ ಪದ್ಧತಿಯೊಂದನ್ನು ರೂಪಿಸಿತು. ಆದರೂ ಹೆಸರುಗಳು ಪೂರ್ತಿ ಒಂದಾಗಲಿಲ್ಲ.

ಹಾಗಾದರೆ ಹೆಸರಿಲ್ಲದೆ ಹುಡುಕುವುದೆಂತು? ಕಡತದ ಬಿಟ್ಟುಗಳನ್ನೆಲ್ಲ ಗಣಿತದ ಒಂದು ಕ್ರಮಕ್ಕೆ ಒಳಪಡಿಸಿ ಅದರ ಗುರುತನ್ನು ಪಡೆಯುವೆವು. ಕಡತವು ಎಷ್ಟೇ ದೊಡ್ಡದಿರಲಿ, ಎಸ್‌ಎಚ್‌ಎ-256 ಎಂಬ ಕ್ರಮವು 256 ಬಿಟ್ಟುಗಳ ಗುರುತನ್ನೇ ಕೊಡುವುದು. ಬರೆದರೆ 64 ಚಿಹ್ನೆಗಳು. ಯಾರು ಯಾವ ಹೆಸರನ್ನೇ ಇಟ್ಟಿರಲಿ, ಅದೇ ಕಡತವು ಕೋಶಕ್ಕೆ ಸೇರಿದ್ದರೆ ಈ ಗುರುತಿನಿಂದ ಅದರ ದಾಖಲೆ ದೊರೆಯುವುದು. ಆದರೆ ಒಂದೇ ಬಿಟ್ಟು ಬದಲಾದರೂ ಗುರುತು ತೀರ ಬೇರೆ! ತುಸು ವೇಷ ಬದಲಿಸಿದ ತಮ್ಮನನ್ನು ಅಣ್ಣನ ಗುರುತಿನಿಂದ ಹಿಡಿಯಲಾಗದು. ಆದಕಾರಣ ಒಳ್ಳೆಯ ಕೋಶದಲ್ಲಿ ಕುಟುಂಬದ ಹೆಸರು, ಅಡ್ಡಹೆಸರುಗಳು, ಹರಡುವ ಬಗೆ ಇವೂ ಇರಬೇಕು. ಗುರುತು ಸಿಗದಿದ್ದಾಗ ನಾವು ನಡತೆಯಿಂದ ಹುಡುಕುವೆವು.